ಪಾದ ನೋಡುವವಳು

ಡುಲೂತಿನಲ್ಲಿ ನವೆಂಬರ್ ಬಂತೆಂದರೆ
ಸರೋವರ ಮನೆಯೊಳಕ್ಕೂ ಕಾಲಿಡುತ್ತದೆ.
ನಾನು ಮಾರ್ಲಿಸ್, ಮುದುಕರ ಪಾದ ನೋಡುವ ನರ್ಸು.
ಡಿಕ್ಕಿಯಲ್ಲಿ ಒಂದು ಟಬ್ಬು, ನಾಲ್ಕು ಟವೆಲು,
ತಂತಿ ಬೇಲಿಯನ್ನೂ ಕತ್ತರಿಸಬಲ್ಲ ಇಕ್ಕಳ.
ಸುಳ್ಳು ಹೇಳಲು ಮುಖ ಎಂಬತ್ತು ವರ್ಷ ಕಲಿತಿರುತ್ತದೆ.
ಪಾದಕ್ಕೆ ಯಾರೂ ಕಲಿಸಿರುವುದಿಲ್ಲ.

ಐಲಿ ರಂತಲಾಳ ಎಡಗಾಲಿನ ಚೀಲ
ಎಳೆದರೆ ಬರಲಿಲ್ಲ.
ಬೆಚ್ಚನೆ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆದ ಮೇಲೆ
ಉಣ್ಣೆ ಚರ್ಮವನ್ನು ಬಿಟ್ಟುಕೊಟ್ಟಿತು.
ಹೆಬ್ಬೆರಳಿನ ಉಗುರು ಟಗರಿನ ಕೊಂಬಿನಂತೆ ಸುತ್ತಿ
ಪಕ್ಕದ ಬೆರಳಿಗೆ ಮೊಳೆ ಹೊಡೆದಿತ್ತು.
ಹಿಮ್ಮಡಿಯಲ್ಲಿ ಹುಣ್ಣು, ನಾಣ್ಯದಗಲ.
ನಡುವೆ ಬೆಳ್ಳಗೆ ಕಂಡದ್ದು ಕೀವಲ್ಲ.

"ನೋವಿದೆಯಾ?" ಎಂದೆ.
"ಪಾಪ, ಹಿಲ್ಯಾಗೆ ಬೆನ್ನುನೋವು," ಎಂದಳು.

ಹಿಲ್ಯಾ ತಂಗಿ. ಎಪ್ಪತ್ತೊಂಬತ್ತು.
ನೋಡಿಕೊಳ್ಳುವವರು ಎಂಬಲ್ಲಿ ಇರುವುದು ಅವಳ ಸಹಿ.
ಅಷ್ಟರಲ್ಲಿ ಕಾಫಿ ತಂದಳು, ಏಲಕ್ಕಿ ಬ್ರೆಡ್ಡು ತಂದಳು,
ಅದರ ಮೇಲೆ ಬೆಣ್ಣೆ ಇನ್ನೂ ಕರಗುತ್ತಿತ್ತು.
ತಿಂದೆ. ಎರಡು ತುಂಡು ತಿಂದೆ.
ಉಂಡ ಮನೆಯ ಜಂತೆ ಎಣಿಸಬಾರದಂತೆ.
ನನಗೆ ಸಂಬಳ ಕೊಡುವುದೇ ಎಣಿಸಲಿಕ್ಕೆ.

ಕಾರಿನಲ್ಲಿ ಕೂತು ಫೋನು ಹಚ್ಚಿದೆ.
ಕಂಡವಳು ಹೇಳಲೇಬೇಕು, ಒಂದು ದಿನದೊಳಗೆ,
ಖಾತ್ರಿ ಬೇಕಿಲ್ಲ, ಅನುಮಾನ ಸಾಕು
ಎನ್ನುತ್ತದೆ ಕಾನೂನು.
ಆ ಕಡೆ ಯಾವನೋ ಮೆತ್ತನೆ ದನಿಯ ಹುಡುಗ,
ಕೀಲಿಮಣೆಯ ಕಟಕಟ.
ಹುಣ್ಣಿನ ಅಳತೆ? ಹೇಳಿದೆ.
ಈ ಹಿಂದೆ ನೋಡಿದ್ದು ಯಾವಾಗ?
ಆಗಸ್ಟಿನಲ್ಲಿ. ಅವತ್ತು ಚಳಿ ಎಂದು ಚೀಲ ತೆಗೆಯಗೊಡಲಿಲ್ಲ.
ಆಗಸ್ಟಿನಲ್ಲಿ ಚಳಿ. ನಾನು ಒತ್ತಾಯಿಸಲಿಲ್ಲ.
ಅದನ್ನೂ ಬರೆದುಕೊಂಡ.
ಬಾಧೆಗೆ ಒಳಗಾದವರು? ಐಲಿ.
ಬಾಧೆಗೆ ಕಾರಣರಾದವರು?

ವೈಪರು ಎರಡು ಸಲ ಗಾಜು ಒರೆಸಿತು.

"ಮೇಡಂ, ಆ ಖಾನೆ ಖಾಲಿ ಬಿಟ್ಟರೆ
ಮುಂದಿನ ಪುಟ ತೆರೆಯುವುದಿಲ್ಲ."

ಹೇಳಿದೆ.
ಫಿನ್‌ಲೆಂಡಿನ ಹೆಸರು, ಅವನ ಕಿವಿಗೆ ಹೊಸದು,
ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.
"ನೀವು ಹೇಳಿದ್ದೆಂದು ಯಾರಿಗೂ ತಿಳಿಯುವುದಿಲ್ಲ."
ನಗು ಬಂತು.
ಆ ಬಾಗಿಲು ಬಡಿಯುವವರು ಮೂರೇ ಜನ:
ಅಂಚೆಯವನು, ನಾನು, ಗಾಳಿ.
ಅಂಚೆಯವನು ಯಾರ ಕಾಲುಚೀಲವನ್ನೂ ಬಿಚ್ಚುವುದಿಲ್ಲ.

ಮರುದಿನವೇ ಐಲಿಯನ್ನು ಆಸ್ಪತ್ರೆಗೆ ಒಯ್ದರು.
ಕೌಂಟಿಯವಳೊಬ್ಬಳು ಬಂದು
ಫ್ರಿಜ್ಜು ತೆರೆದು, ಮಾತ್ರೆ ಎಣಿಸಿ, ಹಾಸಿಗೆಯ ಫೋಟೋ ಹಿಡಿದಳಂತೆ.
ಆರು ವಾರಕ್ಕೆ ನನಗೊಂದು ಕಾಗದ:
ದೂರು ಸ್ವೀಕರಿಸಲಾಗಿದೆ. ಪರಿಶೀಲಿಸಲಾಗಿದೆ. ಮುಕ್ತಾಯಗೊಳಿಸಲಾಗಿದೆ.
ಯಾರು, ಏನು, ಒಂದೂ ಇಲ್ಲ.
ನನ್ನ ಬಾಯಿಂದ ಕರ್ತೃಪದ ಕಿತ್ತುಕೊಂಡವರು
ತಾವು ಮಾತ್ರ ಕರ್ಮಣಿಯಲ್ಲಿ ಬರೆದಿದ್ದರು.

ಡಿಸೆಂಬರಿನಲ್ಲಿ ಹಿಲ್ಯಾಳೇ ಫೋನು ಮಾಡಿದಳು.
"ಅಕ್ಕ ಈಗ ಆಶ್ರಮದಲ್ಲಿದ್ದಾಳೆ. ಆದರೂ ಬಾ."

ಬ್ರೆಡ್ಡಿನ ವಾಸನೆ ಇರಲಿಲ್ಲ.
ಅಕ್ಕನ ಕುರ್ಚಿಯಲ್ಲಿ ಕೂತು
ಎರಡೂ ಕಾಲು ನನ್ನ ಮುಂದೆ ಚಾಚಿದಳು.
ಬೂದುಬಣ್ಣದ ಚೀಲ. ಅದೇ ಉಣ್ಣೆ, ಅದೇ ಹೆಣಿಗೆ.
"ಬಗ್ಗಿ ಎರಡು ವರ್ಷವಾಯಿತು," ಎಂದಳು.
"ಅವಳ ಕಾಲಿಗೂ ಅಷ್ಟೇ. ನನ್ನ ಕಾಲಿಗೂ ಅಷ್ಟೇ."
ಫೋನು ಮಾಡಿದ್ದು ನೀನಾ ಎಂದು ಕೇಳಲಿಲ್ಲ.
ಕೇಳಿದ್ದರೆ ಉಸಿರಾಡಬಹುದಿತ್ತು.

ಫಾರಮಿನಲ್ಲಿ ಇದಕ್ಕೂ ಜಾಗವಿದೆ.
ತನ್ನನ್ನು ತಾನೇ ಕಡೆಗಣಿಸಿದವರು.
ಒಳಗಾದವರ ಖಾನೆ, ಕಾರಣರಾದವರ ಖಾನೆ,
ಎರಡಕ್ಕೂ ಒಂದೇ ಹೆಸರು,
ಅದರ ಕಾಗುಣಿತ ಈಗ ನನಗೆ ಬಾಯಿಪಾಠ.

ಟಬ್ಬಿಗೆ ನೀರು ಬಿಟ್ಟೆ. ಮೊಣಕೈ ಅದ್ದಿದೆ.
ಅವಳ ಪಾದ ಹಿಡಿದು ಮೆಲ್ಲನೆ ಇಳಿಸಿದೆ.
"ಬಿಸಿ ಹೆಚ್ಚಾಯಿತಾ?"
"ನೀನೇ ಹೇಳು," ಎಂದಳು ಹಿಲ್ಯಾ,
"ನನ್ನ ಕಾಲಿಗೆ ಗೊತ್ತಾಗುವುದಿಲ್ಲ."